ಗೋಡೆಯ ಗುಲಾಬಿ, ಬಟ್ಟೆಯ ಗುಲಾಬಿ



ಜಮಖಂಡಿಯ ಒಂದು ಹಳೆಯ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಜಂತಿ ಹಾಕಿದ ಮಾಳಿಗೆ, ಬಾಗಿಲು ದಾಟಿದರೆ ಪಡಸಾಲೆ. ಹಿಂದುಗಡೆ ಇತ್ತೀಚೆಗೆ ಕಟ್ಟಿಸಿದ ಒಂದು ಸಿಮೆಂಟಿನ ಕೋಣೆ. ಮನೆಯಲ್ಲಿ ಮದುವೆ ಗೊತ್ತಾಗಿದೆ. ಗೋಡೆಗೆ ಗುಲಾಬಿ ಬಣ್ಣ ಹಚ್ಚಿಸಬೇಕೆಂಬುದರಲ್ಲಿ ಎಲ್ಲರಿಗೂ ಒಮ್ಮತ. ಆದರೆ ಬಣ್ಣದ ಅಂಗಡಿಯಿಂದ ತಂದ ಪಟ್ಟಿಯಲ್ಲಿ ಎರಡು ಗುಲಾಬಿಗಳಿವೆ. ಒಂದು, ಹಳೆಯ ಇಟ್ಟಿಗೆಯ ಪುಡಿಯನ್ನು ಹಾಲಿನಲ್ಲಿ ಕಲಸಿದಂತಿದೆ. ಇನ್ನೊಂದು, ಮದುವಣಗಿತ್ತಿಯ ಸೀರೆಯಂತೆ ಕಣ್ಣಿಗೆ ಹೊಡೆಯುತ್ತದೆ. ಸೀರೆಯ ವ್ಯಾಪಾರಿಗಳು ರಾಣಿ ಬಣ್ಣ ಎನ್ನುತ್ತಾರಲ್ಲ, ಅದಕ್ಕೆ ಹತ್ತಿರದ್ದು. ಅಜ್ಜಿ ಮೊದಲನೆಯದಕ್ಕೆ ಕೈ ಇಡುತ್ತಾಳೆ. ಮೊಮ್ಮಗಳು, “ಇದ ಮಣ್ಣಿನ ಬಣ್ಣ ಇದ್ಧಂಗ ಐತಿ ನೋಡಬೇ ಅಮ್ಮಾ” ಎಂದು ಮುಖ ಸೊಟ್ಟ ಮಾಡುತ್ತಾಳೆ. “ಮಣ್ಣಿಂದ ಐತೆವ್ವಾ ಅದು” ಎಂದು ಅಜ್ಜಿಯ ಉತ್ತರ.

ಅಜ್ಜಿ ಹೇಳಿದ್ದು ಅಕ್ಷರಶಃ ನಿಜ. ಮೇಲ್ನೋಟಕ್ಕೆ ಇದು ಅಭಿರುಚಿಯ ಜಗಳದಂತೆ ಕಂಡರೂ ಈ ಎರಡು ಬಣ್ಣಗಳ ಹಿಂದೆ ಎರಡು ಬೇರೆ ಬೇರೆ ಇತಿಹಾಸಗಳಿವೆ. ಒಂದು ಮೊದಲಿನಿಂದಲೂ ಗೋಡೆಯ ಗುಲಾಬಿ. ಇನ್ನೊಂದು ಬಟ್ಟೆಯ ಗುಲಾಬಿ. ಅದು ಗೋಡೆಯ ಮೇಲೆ ಬಂದು ಕೂತದ್ದು ತೀರ ಈಚೆಗೆ. ಈ ಪ್ರಸಂಗವನ್ನು ಕಪ್ಪು-ಬಿಳುಪು ದೂರದರ್ಶನದ ಕಾಲದಲ್ಲಿ ತೆರೆಯ ಮೇಲೆ ತೋರಿಸಿದ್ದರೆ ನಿಮಗೆ ಎರಡೂ ಒಂದೇ ಬೂದು ಬಣ್ಣವಾಗಿ ಕಾಣುತ್ತಿದ್ದವು. ನಮ್ಮ ದೇಶದಲ್ಲಿ ವರ್ಣ ಪ್ರಸಾರ ಆರಂಭವಾದದ್ದು 1982ರಲ್ಲಿ.

ಮೊದಲು ಮಾತಿನ ವಿಚಾರ ನೋಡೋಣ. ‘ಗುಲಾಬಿ’ ಕನ್ನಡದ ಹಳೆಯ ಮಾತಲ್ಲ. ಪಾರಸಿಯಲ್ಲಿ ‘ಗುಲ್’ ಎಂದರೆ ಹೂವು, ‘ಆಬ್’ ಎಂದರೆ ನೀರು. ‘ಗುಲಾಬ್’ ಎಂದರೆ ಪನ್ನೀರು. ಬಹಮನಿ ಮತ್ತು ಆದಿಲ್‌ಶಾಹಿ ಅರಸರ ಕಾಲದಲ್ಲಿ ಪಾರಸಿಯ ನೂರಾರು ಮಾತುಗಳು ನಮ್ಮ ಸೀಮೆಯ ನುಡಿಗೆ ಸೇರಿದವು. ಇದೂ ಆ ಬಳಗದ್ದೇ. ಅದಕ್ಕೆ ಮೊದಲು ಈ ಬಣ್ಣವನ್ನು ಹೇಳಬೇಕಾದರೆ ನಸುಗೆಂಪು, ತಿಳಿಗೆಂಪು ಎನ್ನಬೇಕಿತ್ತು, ಇಲ್ಲವೆ ತಾವರೆಯನ್ನೋ ಪಾಟಲ ಪುಷ್ಪವನ್ನೋ ನೆನೆಯಬೇಕಿತ್ತು. ಮುಧೋಳದ ರನ್ನಕವಿ ಬಳೆಗಾರರ ಮನೆತನದವನೆಂಬುದು ನಿಮಗೆ ತಿಳಿದೇ ಇದೆ. ಬಣ್ಣದ ಸೂಕ್ಷ್ಮಗಳನ್ನು ಬಳೆಗಾರನಷ್ಟು ಬಲ್ಲವರು ಯಾರು? ಆದರೂ ಹತ್ತನೆಯ ಶತಮಾನದ ಆ ಕವಿಗೆ ‘ಗುಲಾಬಿ’ ಎಂಬ ಮಾತು ಗೊತ್ತಿರುವ ಸಂಭವವಿಲ್ಲ.

ಕೆಂಪಿಗೆ ಮಾತ್ರ ನಮ್ಮಲ್ಲಿ ಅಪ್ಪಟ ಹಳಗನ್ನಡದ ಮಾತಿತ್ತು: ಕಿಸು. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲ್, ಅಂದರೆ ಕೆಂಪು ಊರು. ಮುಧೋಳದ ಹಳೆಯ ಹೆಸರು ಮುದುವೊಳಲ್. ಎರಡರಲ್ಲೂ ಊರು ಎಂಬ ಅರ್ಥದ ‘ಪೊಳಲ್’ ಇದೆ. ಮಲಪ್ರಭೆಯ ದಂಡೆಯ ಆ ಕಲ್ಲುಗಳನ್ನು ಸಂಜೆಯ ಬಿಸಿಲಿನಲ್ಲಿ ನೋಡಿದವರಿಗೆ ಕಿಸುವೊಳಲ್ ಎಂಬ ಹೆಸರು ಯಾಕೆ ಬಂತೆಂದು ಯಾರೂ ವಿವರಿಸಬೇಕಾಗಿಲ್ಲ. ಅದೇ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಕೆಂಪು ಗ್ರಾನೈಟು ಹೊರದೇಶಗಳಿಗೂ ಹೋಗಿದೆ. ನಮ್ಮ ಸೀಮೆಯಲ್ಲಿ ಕೆಂಪಿನ ಹತ್ತಾರು ಛಾಯೆಗಳು ನೆಲದಲ್ಲೇ ಬಿದ್ದಿವೆ ಎಂದರೆ ಉತ್ಪ್ರೇಕ್ಷೆಯಲ್ಲ.

ಈಗ ಅಜ್ಜಿಯ ಗುಲಾಬಿಗೆ ಬರೋಣ. ಅದರ ಮೂಲ ಹುರಮಂಜ. ಕೆಲವರು ಹುರಮಂಜಿ ಎನ್ನುತ್ತಾರೆ. ಸಂತೆಯಲ್ಲಿ ಪುಡಿಯಾಗಿ ಸಿಗುವ ಈ ಕೆಂಪು ಮಣ್ಣನ್ನು ಹೊಸ್ತಿಲಿಗೆ, ತುಳಸಿಕಟ್ಟೆಗೆ, ಗೋಡೆಯ ಬುಡಕ್ಕೆ ಬಳಿಯುವುದನ್ನು ನೀವು ಕಂಡಿರುತ್ತೀರಿ. ಈ ಹೆಸರಿನ ಪ್ರಯಾಣ ಬಹು ದೂರದ್ದು. ಪಾರಸ ಕೊಲ್ಲಿಯ ಬಾಯಲ್ಲಿ ಹೊರ್ಮುಜ್ ಎಂಬ ದ್ವೀಪವಿದೆ. ಅಲ್ಲಿಯ ಮಣ್ಣು ರಕ್ತದಷ್ಟು ಕೆಂಪು. ಬಹಮನಿ ಸುಲ್ತಾನರಿಗೂ ವಿಜಯನಗರಕ್ಕೂ ಕುದುರೆಗಳು ಹಡಗೇರಿ ಬರುತ್ತಿದ್ದುದು ಇದೇ ಬಂದರಿನಿಂದ. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಬಿಜಾಪುರದ ಆದಿಲ್‌ಶಾಹಿಯಿಂದ ಕಿತ್ತುಕೊಂಡರು. 1515ರಲ್ಲಿ ಹೊರ್ಮುಜ್ ಕೂಡ ಅವರ ಕೈ ಸೇರಿ 1622ರವರೆಗೆ ಅವರಲ್ಲೇ ಉಳಿಯಿತು. ಕುದುರೆಗಳ ವ್ಯಾಪಾರ ಇತಿಹಾಸದ ಪುಸ್ತಕಗಳಲ್ಲಿ ದಾಖಲಾಗಿದೆ. ಕೆಂಪು ಮಣ್ಣಿನ ವ್ಯಾಪಾರ ನಮ್ಮ ಅವ್ವಂದಿರ ಮಾತಿನಲ್ಲಿ ದಾಖಲಾಗಿದೆ. ಆ ದ್ವೀಪದ ಹೆಸರೇ ಮಣ್ಣಿನ ಹೆಸರಾಯಿತು. ಮರಾಠಿಯಲ್ಲೂ ಇದನ್ನು ಹೋಲುವ ಮಾತೇ ಇದೆ. ಮುಂದೆ ಎಲ್ಲಿಂದ ಬಂದ ಕೆಂಪು ಮಣ್ಣಿನ ಪುಡಿಗೂ ಅದೇ ಹೆಸರು ನಿಂತಿತು. ಜಮಖಂಡಿಯ ಸಂತೆಯಲ್ಲಿ ಹುರಮಂಜ ಕೇಳುವವರು ತಮಗೆ ಅರಿವಿಲ್ಲದೆಯೇ ಒಂದು ದ್ವೀಪದ ಹೆಸರು ಹೇಳುತ್ತಿರುತ್ತಾರೆ!

ಹುರಮಂಜ ಒಂದೇ ಇದ್ದರೆ ಅದು ಕೆಂಪು. ಅದು ಗುಲಾಬಿಯಾಗಲು ಬಿಳುಪು ಬೇಕು. ಆ ಬಿಳುಪು ಬರುವುದು ಸುಣ್ಣದಿಂದ. ಇದಕ್ಕೆ ಸಮುದ್ರ ದಾಟಬೇಕಾಗಿಲ್ಲ. ಮುಧೋಳ, ಲೋಕಾಪುರ, ಬಾಗಲಕೋಟೆಗಳ ಸುತ್ತ ನೆಲದಡಿಯಲ್ಲಿ ಸುಣ್ಣದ ಕಲ್ಲಿನ ದೊಡ್ಡ ಹಾಸುಗಳಿವೆ. ಭೂವಿಜ್ಞಾನಿಗಳು ಇವನ್ನು ಕಲಾದಗಿ ಶಿಲಾಸಮೂಹಕ್ಕೆ ಸೇರಿಸುತ್ತಾರೆ. ಪ್ರಾಣಿಗಳು ನೆಲದ ಮೇಲೆ ಓಡಾಡುವುದಕ್ಕೆ ಎಷ್ಟೋ ಕೋಟಿ ವರ್ಷ ಮೊದಲೇ ನೀರಿನ ತಳದಲ್ಲಿ ಕೂಡಿಬಿದ್ದ ಕಲ್ಲು ಇದು. ಇಂದು ಆ ಕಲ್ಲೇ ಅಲ್ಲಿಯ ಸಿಮೆಂಟು ಕಾರ್ಖಾನೆಗಳಿಗೆ ಆಹಾರ. ಹಿಂದೆ ಅದನ್ನು ಭಟ್ಟಿಯಲ್ಲಿ ಸುಡುತ್ತಿದ್ದರು. ಸುಟ್ಟಾಗ ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಬುಸುಗುಟ್ಟಿ ಕುದಿದು ಅರಳುತ್ತದೆ. ಗೋಡೆಗೆ ಬಳಿದ ಮೇಲೆ ಗಾಳಿಯಲ್ಲಿರುವ ಅದೇ ಡೈಆಕ್ಸೈಡನ್ನು ಮರಳಿ ಹೀರಿಕೊಂಡು ನಿಧಾನವಾಗಿ ಕಲ್ಲಾಗುತ್ತದೆ. ಅಂದರೆ ಸುಣ್ಣ ಬಳಿದ ಗೋಡೆಯ ಮೇಲೆ ಇರುವುದು ಬರಿಯ ಬಣ್ಣವಲ್ಲ, ತೆಳ್ಳಗಿನ ಕಲ್ಲಿನ ಪದರ. ಹುರಮಂಜದ ಕಣಗಳು ಆ ಕಲ್ಲಿನೊಳಗೆ ಸಿಕ್ಕಿಕೊಂಡಿರುತ್ತವೆ.

ಇಲ್ಲಿ ಒಂದು ಮುಖ್ಯ ಅಂಶವನ್ನು ಗಮನಿಸಬೇಕು. ಸುಣ್ಣ ಬಲವಾದ ಕ್ಷಾರ. ಕೈಗೆ ತಾಗಿದರೆ ಚರ್ಮ ಸುಡುತ್ತದೆ. ಗಿಡಮೂಲದ ಬಣ್ಣಗಳಲ್ಲಿ ಹೆಚ್ಚಿನವು ಅದರೊಳಗೆ ಬದುಕುವುದಿಲ್ಲ. ಕೆಲವೇ ದಿನಗಳಲ್ಲಿ ಬಣ್ಣಗೆಡುತ್ತವೆ. ಹುರಮಂಜದ ಬಣ್ಣ ಬಂದಿರುವುದು ಕಬ್ಬಿಣದ ಆಕ್ಸೈಡಿನಿಂದ, ಅದು ತುಕ್ಕಿನ ಹತ್ತಿರದ ಬಂಧು. ಅದಕ್ಕೆ ಬಿಸಿಲಿನ ಭಯವೂ ಇಲ್ಲ, ಸುಣ್ಣದ ಭಯವೂ ಇಲ್ಲ. ನಮ್ಮ ಹಿರಿಯರು ಗೋಡೆಗೆ ಈ ಗುಲಾಬಿಯನ್ನೇ ಆರಿಸಿದರು ಎನ್ನುವುದಕ್ಕಿಂತ, ಸುಣ್ಣದ ಗೋಡೆ ಒಪ್ಪಿಕೊಂಡ ಗುಲಾಬಿ ಇದೊಂದೇ ಆಗಿತ್ತು ಎನ್ನುವುದು ಹೆಚ್ಚು ಸರಿ.

ಈ ಮಾತಿಗೆ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಬಾದಾಮಿಯ ಮೂರನೆಯ ಗುಹೆಯನ್ನು ಮಂಗಲೇಶ ಶಕ ವರ್ಷ 500ರಲ್ಲಿ, ಅಂದರೆ ಕ್ರಿ.ಶ. 578ರಲ್ಲಿ ಮಾಡಿಸಿದನೆಂದು ಅಲ್ಲಿಯ ಶಾಸನ ಹೇಳುತ್ತದೆ. ಅಲ್ಲಿಯ ಚಿತ್ರಗಳಲ್ಲಿ ಬಹುಪಾಲು ಅಳಿದುಹೋಗಿದೆ. ಉಳಿದ ತುಣುಕುಗಳಲ್ಲಿ ಮಣ್ಣಿನ ಬಣ್ಣಗಳನ್ನು ಇಂದಿಗೂ ಗುರುತಿಸಬಹುದು. ಬಿಜಾಪುರದ ಅಸಾರ್ ಮಹಲಿನ ಮೇಲಂತಸ್ತಿನಲ್ಲೂ ಕುಮಟಗಿಯ ಜಲಮಂಟಪಗಳಲ್ಲೂ ಆದಿಲ್‌ಶಾಹಿ ಕಾಲದ ಭಿತ್ತಿಚಿತ್ರಗಳ ಅವಶೇಷಗಳಿವೆ. ಹೊರಗಿನ ಒಂದು ಉದಾಹರಣೆಯನ್ನೂ ಹೇಳಬಹುದು. 1876ರಲ್ಲಿ ವೇಲ್ಸ್ ರಾಜಕುಮಾರನ ಭೇಟಿಗಾಗಿ ಜಯಪುರದ ಮಹಾರಾಜ ರಾಮಸಿಂಗ್ ತನ್ನ ಇಡೀ ಪೇಟೆಗೆ ಗುಲಾಬಿ ಬಣ್ಣ ಹೊಡೆಸಿದನೆಂಬುದು ಪ್ರಸಿದ್ಧ. ‘ಗುಲಾಬಿ ನಗರ’ ಎಂಬ ಹೆಸರು ಕೇಳಿ ಹೋದವರಿಗೆ ಅಲ್ಲಿ ಸೀರೆಯ ಗುಲಾಬಿ ಕಾಣುವುದಿಲ್ಲ. ಕಾಣುವುದು ಅಜ್ಜಿಯ ಗುಲಾಬಿ, ಮಣ್ಣಿನದು.

ಹಾಗಾದರೆ ಮೊಮ್ಮಗಳ ಗುಲಾಬಿ ಎಲ್ಲಿಂದ ಬಂತು? ಅದರ ತವರು ಮಗ್ಗದ ಮನೆ. ಜಮಖಂಡಿಯಿಂದ ಹತ್ತಿರದಲ್ಲೇ ಇರುವ ರಬಕವಿ-ಬನಹಟ್ಟಿ ನೇಕಾರರ ಜೋಡಿ ಊರು. ಸಂಸ್ಥಾನಗಳ ಕಾಲದಲ್ಲಿ ರಬಕವಿ ಸಾಂಗಲಿಗೂ ಬನಹಟ್ಟಿ ಜಮಖಂಡಿಗೂ ಸೇರಿದ್ದವು. ಎರಡು ಕಡೆಯ ಅರಸರೂ ಪಟವರ್ಧನ ಮನೆತನದವರೇ. ಪಕ್ಕದ ಮುಧೋಳದಲ್ಲಿ ಘೋರ್ಪಡೆಯವರ ಆಳ್ವಿಕೆ. 1948ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ಈ ಸೀಮೆ ಅಂದಿನ ಮೈಸೂರು ರಾಜ್ಯಕ್ಕೆ ಬಂತು. ಗಡಿಗಳು ಏನೇ ಇರಲಿ, ನೂಲು ಮತ್ತು ಬಣ್ಣ ಅವನ್ನು ದಾಟಿ ಓಡಾಡುತ್ತಿದ್ದವು.

ಯಂತ್ರದ ಬಣ್ಣಗಳು ಬರುವ ಮೊದಲು ಬಟ್ಟೆಗೆ ಹೊಳೆಯುವ ಗುಲಾಬಿಯನ್ನು ಕೊಡುತ್ತಿದ್ದ ಗಿಡ ಯಾವುದು ಬಲ್ಲಿರಾ? ಕುಸುಬಿ. ಹೌದು, ನಮ್ಮ ಎರೆ ಹೊಲಗಳಲ್ಲಿ ಜೋಳದ ಜೊತೆಗೆ ಬೆಳೆಯುವ, ಎಣ್ಣೆಗೆಂದೇ ನಾವು ಬಲ್ಲ ಮುಳ್ಳಿನ ಕುಸುಬಿ. ಅದರ ಹೂವಿನ ಎಸಳಿನಲ್ಲಿ ಎರಡು ಬಣ್ಣಗಳಿವೆ. ಹಳದಿ ನೀರಿನಲ್ಲಿ ಸುಲಭವಾಗಿ ತೊಳೆದುಹೋಗುತ್ತದೆ. ಉಳಿದ ಕೆಂಪನ್ನು ಬೂದಿಯ ತಿಳಿಯಂಥ ಕ್ಷಾರದಲ್ಲಿ ಕರಗಿಸಿ ತೆಗೆಯುತ್ತಾರೆ. ಆಮೇಲೆ ಅದಕ್ಕೆ ನಿಂಬೆಯಂಥ ಹುಳಿ ಹಿಂಡಿದಾಗ ಬಣ್ಣ ಅರಳಿ ನೂಲಿನ ಮೇಲೆ ಕೂರುತ್ತದೆ. ಹುಳಿಯಲ್ಲಿ ಹುಟ್ಟಿ ಕ್ಷಾರದಲ್ಲಿ ಕರಗುವ ಬಣ್ಣ ಇದು. ಇಂಥದ್ದನ್ನು ಸುಣ್ಣದ ಬಕೀಟಿಗೆ ಹಾಕಿದರೆ ಏನಾಗುತ್ತದೆಂದು ರಸಾಯನಶಾಸ್ತ್ರ ಓದುವ ನೀವೇ ಊಹಿಸಿ. ಬಟ್ಟೆಯ ಮೇಲೂ ಅದು ಬಹುಕಾಲ ಬಾಳುತ್ತಿರಲಿಲ್ಲ. ಬಿಸಿಲಿಗೆ ಮಾಸುತ್ತಿತ್ತು, ಸಬಕಾರಕ್ಕೆ ಬಿಡುತ್ತಿತ್ತು. ಆದ್ದರಿಂದಲೇ ಅದು ದಿನದ ಉಡುಪಿಗಲ್ಲದೆ ಮದುವೆ ಮುಂಜಿಯ ರುಮಾಲಿಗೆ, ಹಬ್ಬದ ಸೀರೆಗೆ ಒಗ್ಗಿತು. ಈ ಗುಲಾಬಿಯ ಸಂಭ್ರಮದಲ್ಲಿ ಅದರ ಅಲ್ಪಾಯುಷ್ಯವೂ ಸೇರಿತ್ತೆಂದು ನನಗೆ ಅನಿಸುತ್ತದೆ.

1856ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಪರ್ಕಿನ್ ಎಂಬ 18 ವರ್ಷದ ವಿದ್ಯಾರ್ಥಿ ಮಲೇರಿಯಾದ ಔಷಧ ಕ್ವಿನೈನನ್ನು ತಯಾರಿಸಲು ಹೋಗಿ ಕಲ್ಲಿದ್ದಲ ಡಾಂಬರಿನ ಮೂಲದಿಂದ ನೇರಳೆ ಬಣ್ಣವೊಂದನ್ನು ಪಡೆದ. ನಿಮ್ಮದೇ ವಯಸ್ಸಿನವನು! ಮೂರು ವರ್ಷದಲ್ಲಿ, 1859ರಲ್ಲಿ, ಫ್ರಾನ್ಸಿನಲ್ಲಿ ಕಡು ಗುಲಾಬಿ ಬಣ್ಣ ಸಿದ್ಧವಾಯಿತು. ಅದೇ ವರ್ಷ ಇಟಲಿಯ ಮಜೆಂಟಾ ಎಂಬ ಊರಿನಲ್ಲಿ ನಡೆದ ಯುದ್ಧದ ಹೆಸರನ್ನೇ ಅದಕ್ಕೆ ಇಟ್ಟರು. ಇಂದು ನಾವು ಮಜೆಂಟಾ ಎಂದಾಗ ಸಾವಿರಾರು ಸೈನಿಕರು ಸತ್ತ ಒಂದು ರಣಭೂಮಿಯ ಹೆಸರು ಹೇಳುತ್ತಿದ್ದೇವೆ ಎಂಬುದನ್ನು ಮರೆತಿದ್ದೇವೆ. ಡಬ್ಬಿಯಲ್ಲಿ ತುಂಬಿದ ಇಂಥ ಬಣ್ಣಗಳು ಮುಂಬಯಿ ಬಂದರಿಗೆ ಇಳಿದು ಅಲ್ಲಿಂದ ನೇಕಾರರ ಊರುಗಳನ್ನು ತಲುಪಿದವು. ಕುಸುಬಿಯ ಹೂವು ಕೀಳುವ, ತೊಳೆಯುವ, ಹಿಂಡುವ ಕೆಲಸ ಹೆಚ್ಚಿನ ಕಡೆ ಕ್ರಮೇಣ ನಿಂತಿತು. ಹೊಲದಲ್ಲಿ ಕುಸುಬಿ ಉಳಿದದ್ದು ಎಣ್ಣೆಗಾಗಿ. ಬಣ್ಣಗಾರನ ಒಂದು ವಿದ್ಯೆ ಹೋಯಿತು, ಬಡವರ ಮನೆಯ ಮದುವೆಗೂ ಅಗ್ಗದ ಗುಲಾಬಿ ಸೀರೆ ಬಂತು. ಎರಡನ್ನೂ ಒಟ್ಟಿಗೆ ನೆನೆಯಬೇಕು.

ಆದರೂ ಗೋಡೆಗೆ ಆ ಗುಲಾಬಿ ಇನ್ನೂ ದೂರವೇ ಇತ್ತು. ಹೊಸ ಬಣ್ಣಗಳಲ್ಲಿ ಹಲವನ್ನು ಸುಣ್ಣ ಕೆಡಿಸುತ್ತಿತ್ತು, ಬಿಸಿಲು ಮಾಸಿಸುತ್ತಿತ್ತು. ಇದರ ಮಧ್ಯೆ ಗೃಹಿಣಿಯರು ತಮ್ಮದೇ ಉಪಾಯ ಕಂಡುಕೊಂಡರು. ಬಟ್ಟೆಗೆ ಹಾಕುವ ನೀಲಿ ಪುಡಿ ಸುಣ್ಣಕ್ಕೆ ಹೆದರುವುದಿಲ್ಲ. ಹುರಮಂಜ ಕಲಸಿದ ಸುಣ್ಣಕ್ಕೆ ಒಂದು ಚಿಟಿಕೆ ನೀಲಿ ಸೇರಿಸಿದರೆ ಮಣ್ಣಿನ ಗುಲಾಬಿ ತುಸು ನೇರಳೆಯ ಕಡೆ ಹೊರಳುತ್ತದೆ, ರಾಣಿ ಬಣ್ಣದ ನೆರಳಿನಂತೆ. ಮುಂದೆ ಖಡಿಮಣ್ಣು ಮತ್ತು ಅಂಟಿನ ಡಿಸ್ಟೆಂಪರ್ ಬಂತು. ಮುಂಬಯಿಯಲ್ಲಿ ನಾಲ್ವರು ಗೆಳೆಯರು ಏಷ್ಯನ್ ಪೇಂಟ್ಸ್ ಆರಂಭಿಸಿದ್ದು 1942ರಲ್ಲಿ. ಅದರ ತುಂಟ ಹುಡುಗ ಗಟ್ಟುವನ್ನು ಆರ್.ಕೆ. ಲಕ್ಷ್ಮಣ್ ಬರೆದುಕೊಟ್ಟದ್ದು 1954ರಲ್ಲಿ. ಬಿಸಿಲಿಗೂ ಕ್ಷಾರಕ್ಕೂ ಜಗ್ಗದ, ನೀಲಿಯ ಕಡೆ ವಾಲಿದ ಹೊಳಪಿನ ಗುಲಾಬಿಗಳು ಸಾಧ್ಯವಾದದ್ದು ಕ್ವಿನಾಕ್ರಿಡೋನ್ ಎಂಬ ವರ್ಣದ್ರವ್ಯಗಳಿಂದ. ಅಮೆರಿಕದ ಡ್ಯೂಪಾಂಟ್ ಕಂಪನಿ ಅವುಗಳನ್ನು ಮಾರುಕಟ್ಟೆಗೆ ತಂದದ್ದು 1958ರಲ್ಲಿ. ಮದುವಣಗಿತ್ತಿಯ ಸೀರೆಯ ಬಣ್ಣ ಕೋಣೆಯ ಗೋಡೆ ಏರಿ ಅಲ್ಲಿಯೇ ನಿಲ್ಲುವಂತಾದದ್ದು ಹೀಗೆ, ಒಂದು ಶತಮಾನದ ರಸಾಯನಶಾಸ್ತ್ರದ ನಂತರ.

ಈಗ ನಮ್ಮ ಜಮಖಂಡಿಯ ಮನೆಗೆ ಮರಳೋಣ. ಆಯ್ಕೆ ಮಾಡುವಾಗ ಪಟ್ಟಿಯ ಚೂರನ್ನು ನೋಡುವ ಮೊದಲು ಗೋಡೆಯನ್ನು ನೋಡಬೇಕು. ಮಣ್ಣು ಮತ್ತು ಸುಣ್ಣದ ಗೋಡೆ ಉಸಿರಾಡುತ್ತದೆ. ಮಳೆಗಾಲದಲ್ಲಿ ನೆಲದಿಂದ ತೇವ ಏರುತ್ತದೆ, ಬೇಸಿಗೆಯಲ್ಲಿ ಅದು ಗೋಡೆಯ ಮೈಯಿಂದ ಆರಿಹೋಗುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಪೇಂಟಿನ ಪೊರೆ ಎಳೆದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ಉಪ್ಪು ಹೊರಬಂದು ಬೊಕ್ಕೆಗಳೆದ್ದು ಬಣ್ಣ ಹಪ್ಪಳದಂತೆ ಕಳಚುತ್ತದೆ. ತಪ್ಪು ಬಣ್ಣದ್ದಲ್ಲ, ಜೋಡಿಯದು. ಹಿಂದಿನ ಸಿಮೆಂಟಿನ ಕೋಣೆಗಾದರೆ ಆ ತೊಂದರೆ ಅಷ್ಟಿಲ್ಲ. ಗಿಲಾವು ಚೆನ್ನಾಗಿ ಒಣಗಿರಬೇಕು, ಅಷ್ಟೆ.

ಬೆಳಕಿನ ವಿಚಾರವೂ ಇದೆ. ಎಣ್ಣೆ ದೀಪ, ಕಂದೀಲುಗಳ ಬೆಳಕಿನಲ್ಲಿ ನೀಲಿಯ ಅಂಶ ಬಲು ಕಡಿಮೆ. ಅಜ್ಜಿಯ ಬಾಲ್ಯದ ದೀಪದಲ್ಲಿ ಈ ಎರಡು ಗುಲಾಬಿಗಳನ್ನು ಅಕ್ಕಪಕ್ಕ ಹಿಡಿದಿದ್ದರೆ ಅವುಗಳ ನಡುವಿನ ಅಂತರ ಬಹಳಷ್ಟು ಕರಗಿಹೋಗುತ್ತಿತ್ತು. ಬಿಳಿಯ ಟ್ಯೂಬ್‌ಲೈಟಿನಲ್ಲಿ ರಾಣಿ ಬಣ್ಣ ಮಿಂಚುತ್ತದೆ, ಹುರಮಂಜದ ಬಣ್ಣ ಮಂಕಾಗುತ್ತದೆ. “ಮಣ್ಣಿನ ಬಣ್ಣ” ಎಂದು ಮೊಮ್ಮಗಳು ಮುಖ ತಿರುಗಿಸಿದ್ದರಲ್ಲಿ ಟ್ಯೂಬ್‌ಲೈಟಿನ ಪಾಲೂ ಇದೆ. ಇನ್ನೊಂದು ವಿಷಯ: ನಾಲ್ಕು ಗುಲಾಬಿ ಗೋಡೆಗಳು ಒಂದಕ್ಕೊಂದು ಬೆಳಕು ಎಸೆಯುವುದರಿಂದ ಅಂಗೈಯಗಲದ ಪಟ್ಟಿಯಲ್ಲಿ ಕಂಡ ಬಣ್ಣ ಕೋಣೆಯಲ್ಲಿ ಇನ್ನಷ್ಟು ಗಾಢವಾಗಿ ಕಾಣುತ್ತದೆ. ಸುಣ್ಣದ್ದಾದರೆ ಮತ್ತೊಂದು ಎಚ್ಚರ ಬೇಕು. ಹಸಿಯಿದ್ದಾಗ ಅದು ಕಡುವಾಗಿ ಕಾಣುತ್ತದೆ, ಒಣಗಿದಾಗ ಎಷ್ಟೋ ಪಾಲು ತಿಳಿಯಾಗುತ್ತದೆ. ಹಳ್ಳಿಯ ಹೆಂಗಸರು ಮೂಲೆಯಲ್ಲಿ ಒಂದು ಗೀರು ಬಳಿದು, ಒಣಗುವ ತನಕ ಬೇರೆ ಕೆಲಸ ನೋಡಿಕೊಂಡು, ಆಮೇಲೆ ಬಕೀಟಿಗೆ ಇನ್ನೊಂದು ಹಿಡಿ ಹುರಮಂಜ ಹಾಕುವುದು ಈ ಕಾರಣಕ್ಕೇ.

ಇತಿಹಾಸದ ವಿದ್ಯಾರ್ಥಿಗಳಾದ ನಿಮಗೆ ಇದರಲ್ಲಿ ಇನ್ನೊಂದು ಆಸಕ್ತಿಯಿದೆ. ಹಳೆಯ ಗೋಡೆಯ ಚಕ್ಕೆ ಎದ್ದ ಜಾಗದಲ್ಲಿ ಪದರಗಳನ್ನು ಎಣಿಸಬಹುದು: ಮೇಲೆ ಪೇಂಟು, ಅದರಡಿ ಡಿಸ್ಟೆಂಪರ್, ಅದರಡಿ ನೀಲಿ ಸುಣ್ಣ, ಕೊನೆಗೆ ಹುರಮಂಜದ ಗುಲಾಬಿ. ಹಬ್ಬಕ್ಕೊಂದು ಪದರ ಬಿದ್ದಿರುವ ಈ ದಾಖಲೆ ಯಾವ ಕಚೇರಿಯಲ್ಲೂ ಸಿಗುವುದಿಲ್ಲ. ನೋಡಿ, ಬರೆದುಕೊಳ್ಳಿ, ಆದರೆ ಕೆರೆಯಬೇಡಿ. ಹಳೆಯ ಎಣ್ಣೆ ಬಣ್ಣಗಳಲ್ಲಿ ಸೀಸ ಇರುವುದುಂಟು, ಅದರ ಧೂಳು ವಿಷ. ಮನೆ ಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಬಂದದ್ದೇ 2016ರಲ್ಲಿ. ಜಾರಿಯಾದದ್ದು 2017ರ ನವೆಂಬರಿನಿಂದ.

ಎಷ್ಟೋ ಗೋಡೆಗಳು ಹೀಗೆ ನೋಡುವುದಕ್ಕೂ ಉಳಿದಿಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯ ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು; 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅದನ್ನು ನಾಡಿಗೆ ಸಮರ್ಪಿಸಿದರು. ಅದರ ಹಿನ್ನೀರಿಗೆ ಬಾಗಲಕೋಟೆ ಪಟ್ಟಣದ ಹಳೆಯ ಭಾಗಗಳೂ ಬೀಳಗಿ ಮತ್ತು ಸುತ್ತಲಿನ ತಾಲ್ಲೂಕುಗಳ ಅನೇಕ ಹಳ್ಳಿಗಳೂ ಮುಳುಗಿದವು. 2010ರಲ್ಲಿ ನ್ಯಾಯಮಂಡಳಿ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿಗೆ ನೀಡಿತು. ಆ ಏರಿಕೆ ಆದಾಗ ಇನ್ನಷ್ಟು ಊರುಗಳು ಹೋಗುತ್ತವೆ. ನೀರು ಬೇಕು, ಅದರಲ್ಲಿ ವಾದವಿಲ್ಲ. ಆದರೆ ಪರಿಹಾರದ ಪಟ್ಟಿಯಲ್ಲಿ ಗೋಡೆಯ ಉದ್ದ ಅಗಲ ಬರೆಯುತ್ತಾರೆಯೇ ಹೊರತು ಬಣ್ಣ ಬರೆಯುವುದಿಲ್ಲ. ಕಲ್ಲಿನ ಗುಡಿಯನ್ನು ಬಿಚ್ಚಿ ಬೇರೆಡೆ ಕಟ್ಟಬಹುದು. ಮಣ್ಣಿನ ಗೋಡೆ ನೀರಿನಲ್ಲಿ ನೆನೆದರೆ ಮರಳಿ ಮಣ್ಣಾಗುತ್ತದೆ, ಅದರ ಮೇಲಿನ ಐವತ್ತು ವರ್ಷದ ಪದರಗಳ ಸಮೇತ. ಬೀಳಗಿ, ಜಮಖಂಡಿ ಕಡೆಯ ವಿದ್ಯಾರ್ಥಿಗಳು ರಜೆಯಲ್ಲಿ ಹೊಳೆಸಾಲಿನ ಹಳ್ಳಿಗಳಿಗೆ ಹೋದಾಗ ಒಂದು ನೋಟ್ ಪುಸ್ತಕ ಒಯ್ಯಿರಿ. ಯಾವ ಗೋಡೆಗೆ ಯಾವ ಬಣ್ಣ, ಯಾರು ಕಲಸುತ್ತಿದ್ದರು, ಯಾವ ಹಬ್ಬಕ್ಕೆ ಬಳಿಯುತ್ತಿದ್ದರು ಎಂದು ಮನೆಯ ಹಿರಿಯ ಹೆಂಗಸರನ್ನು ಕೇಳಿ ಬರೆದುಕೊಳ್ಳಿ. ಈ ವಿಷಯದಲ್ಲಿ ಅವರಿಗಿಂತ ದೊಡ್ಡ ಪಂಡಿತರು ಸಿಗುವುದಿಲ್ಲ.

ನಮ್ಮ ಮನೆಯಲ್ಲಿ ಏನಾಯಿತು? ಅಜ್ಜಿ ಪಡಸಾಲೆಯ ಮೂಲೆಯಲ್ಲಿ, ದೀಪದ ಗೂಡಿನ ಕೆಳಗೆ, ಸುಣ್ಣ ಮತ್ತು ಹುರಮಂಜದ ಒಂದು ಗೀರು ಬಳಿದಳು. ಹಸಿಯಿದ್ದಾಗ ಅದು ಇಟ್ಟಿಗೆಯಂತೆ ಕೆಂಪಗಿತ್ತು. “ಒಣಗಲಿ, ಆಮ್ಯಾಲ ಮಾತಾಡು” ಎಂದಳು. ಮರುದಿನ ಮುಂಜಾನೆ ಬಾಗಿಲಿನಿಂದ ಬಿಸಿಲು ಬಿದ್ದಾಗ ಆ ಗೀರು ನಸುಗೆಂಪಾಗಿ ತಿಳಿದಿತ್ತು. ಮೊಮ್ಮಗಳು ಬಹಳ ಹೊತ್ತು ನೋಡಿ, ಪಡಸಾಲೆಗೆ ಇದೇ ಇರಲಿ ಎಂದು ಒಪ್ಪಿದಳು. ಹಿಂದಿನ ಸಿಮೆಂಟಿನ ಕೋಣೆಗೆ ಮಾತ್ರ ರಾಣಿ ಬಣ್ಣವೇ ಆಗಬೇಕೆಂದು ಹಟ ಹಿಡಿದಳು. ಅಜ್ಜಿ ಇಲ್ಲ ಎನ್ನಲಿಲ್ಲ.